ಸಂದರ್ಶನ ಮುಗಿದ ಮೇಲಿನ ಸದ್ದು

ಟಣ್. ಟಣ್. ಟಣ್.

ತಗಡಿನ ಲೋಟದ ಅಂಚಿಗೆ ಯಾರೋ ಚಮಚ ತಟ್ಟಿದ ಸದ್ದು. ಸಣ್ಣದು. ಕಿವಿಗೆ ಹೆಡ್‌ಫೋನ್ ಇರದಿದ್ದರೆ ಕೇಳುತ್ತಲೇ ಇರಲಿಲ್ಲ.

ಮಾರ್ಸೆಲಿನ್ ಹೆಡ್‌ಫೋನ್ ಕಳಚಿ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಪತ್ರಾಗಾರದ ನೆಲಮಾಳಿಗೆಯಲ್ಲಿ ಆ ಹೊತ್ತಿಗೆ ಯಾರಿರುತ್ತಾರೆ? ಹಗಲೆಲ್ಲ ಟೇಪ್ ಯಂತ್ರ ಕಾಯಂ ನೌಕರರಿಗೆ ಬೇಕು. ಗುತ್ತಿಗೆಯವಳಾದ ಅವಳಿಗೆ ಅದು ಸಿಗುವುದು ಕಚೇರಿ ಮುಚ್ಚಿದ ಮೇಲೆ. ಕಬ್ಬಿಣದ ಕಪಾಟುಗಳ ಸಾಲು, ಒಂದು ಮೇಜು, ಒಂದು ದೀಪ. ಗೋಡೆಯೊಳಗಿನಿಂದ ಸದಾ ತಣ್ಣನೆಯ ಗಾಳಿ ಬರುತ್ತಿತ್ತು. ಕಾಗದ ಮತ್ತು ಟೇಪುಗಳು ಕೆಡದಿರಲಿ ಎಂದು ಇಟ್ಟ ಚಳಿ ಅದು. ಅಲ್ಲಿ ಕೂತು ದುಡಿಯುವವರ ಬೆರಳು ಮರಗಟ್ಟಿದರೆ ಅದಕ್ಕೆ ಯಾವ ನಿಯಮವೂ ಇರಲಿಲ್ಲ.

ಅವಳು ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದಳು.

ಟಣ್. ಟಣ್. ಟಣ್.

ಈ ಸಲ ಗುರುತು ಸಿಕ್ಕಿತು. ಚಹಾ ಕದಡಿದ ಮೇಲೆ ಲೋಟದ ಅಂಚಿಗೆ ಹೀಗೆ ತಟ್ಟುತ್ತಿದ್ದವಳು ಒಬ್ಬಳೇ, ಈಗ ಇಲ್ಲದ ಅವಳ ಕೋಕುಮ್, ಅಂದರೆ ತಾಯಿಯ ತಾಯಿ ಏಂಜೆಲಿಕ್. ಎರಡು ಸಲ ಬೇಗ, ಮೂರನೆಯದು ಸ್ವಲ್ಪ ತಡೆದು. ಸರ್ಕಾರದ ಬೋರ್ಡಿಂಗ್ ಶಾಲೆಯ ಗಾಡಿ ಮೂಲನಿವಾಸಿ ಮಕ್ಕಳನ್ನು ಹಿಡಿದೊಯ್ಯಲು ಬಂದಾಗ ಮಾರ್ಸೆಲಿನ್‌ಳನ್ನು ಕಾಡಿನ ಗುಡಿಸಲಿನಲ್ಲಿ ಬಚ್ಚಿಟ್ಟು ತಮ್ಮ ಜನರ ಕ್ರೀ ಭಾಷೆಯನ್ನು ಬಾಯಲ್ಲಿ ಉಳಿಸಿದ ಕೋಕುಮ್. ಆ ಭಾಷೆಯಿಂದಲೇ ಅವಳಿಗೆ ಹಳೇ ಟೇಪುಗಳನ್ನು ಕೇಳಿ ಇಂಗ್ಲಿಷಿಗೆ ಬರೆಯುವ ಈ ಕೆಲಸ ಸಿಕ್ಕಿತ್ತು.

ಅವಳು ಟೇಪಿನ ಡಬ್ಬಿಯನ್ನು ದೀಪದ ಹತ್ತಿರ ಹಿಡಿದಳು. ಸಂದರ್ಶನ ಮಾಡಿದ ಪ್ರೊಫೆಸರರ ಹೆಸರು ದೊಡ್ಡ ಅಕ್ಷರದಲ್ಲಿತ್ತು. ಧ್ವನಿ ಹಿಡಿದ ಯಂತ್ರದ ಕಂಪನಿಯ ಹೆಸರಿತ್ತು. ಕೆಳಗೆ: ‘ಇಂಡಿಯನ್ ಹೆಂಗಸು, ಮೂಸ್ವಾ ಸರೋವರ, ಬೇಸಿಗೆ’. ಅಷ್ಟೇ. ಮೂಲನಿವಾಸಿಗಳನ್ನೆಲ್ಲ ಅವರು ಇಂಡಿಯನ್ ಎಂದೇ ಬರೆಯುತ್ತಿದ್ದರು; ಮಾತಾಡಿದವಳಿಗೆ ಹೆಸರಿರಲಿಲ್ಲ. ಆ ಬೇಸಿಗೆಯಲ್ಲಿ ಕೋಕುಮ್‌ಗೆ ಈಗಿನ ಮಾರ್ಸೆಲಿನ್‌ಳಷ್ಟೇ ವಯಸ್ಸು. ಅದಕ್ಕೇ ಮೊದಲು ದನಿ ಗುರುತು ಸಿಕ್ಕಿರಲಿಲ್ಲ. ಅವಳಿಗೆ ನೆನಪಿದ್ದದ್ದು ಮುದುಕಿಯ ಗೊಗ್ಗರು ದನಿ.

ಟೇಪಿನಲ್ಲಿ ಪ್ರೊಫೆಸರು ಒಂದೊಂದೇ ಕಾಡು, ಕೊಲ್ಲಿ, ದ್ವೀಪದ ಹೆಸರು ಹೇಳಿ ಅಲ್ಲೇನಿದೆ ಎಂದು ಕೇಳುತ್ತಿದ್ದರು. ಪಾದ್ರಿಗಳ ಮಿಷನ್ ಮನೆಯ ಗುಮಾಸ್ತ ಅದನ್ನು ಕ್ರೀಗೆ ತಿರುಗಿಸುತ್ತಿದ್ದ. ಕೋಕುಮ್ ಎಲ್ಲಕ್ಕೂ ಉತ್ತರ ಕೊಟ್ಟಿದ್ದಳು. ಇಲ್ಲಿ ಬಲೆ ಹಾಕುತ್ತೇವೆ, ಅಲ್ಲಿ ಹಣ್ಣು ಕೀಳುತ್ತೇವೆ. ಕೊನೆಗೆ ಸೀಳುಬಂಡೆಯ ಚಾಚು ಬಂತು. ಅದು ಸರೋವರದೊಳಕ್ಕೆ ಮೂಗಿನಂತೆ ಚಾಚಿಕೊಂಡ ನೆಲ. ಅಲ್ಲೇನಿದೆ, ಯಾರಾದರೂ ಇದ್ದರೇ ಎಂದು ಕೇಳಿದಾಗ ಕೋಕುಮ್ ಟಕ್ಕೆಂದು ಲೋಟ ಕೆಳಗಿಟ್ಟಳು. ಆಮೇಲೆ ಅಂದಳು:

“ಅಲ್ಲಿ ಏನೂ ಇಲ್ಲ.”

ಸಂದರ್ಶನ ಅಲ್ಲಿಗೆ ಮುಗಿದಿತ್ತು. ಹಿಂದೆ ಯಾರೋ ಟೈಪು ಮಾಡಿಟ್ಟಿದ್ದ ಇಂಗ್ಲಿಷ್ ಪ್ರತಿಯೂ ಅಲ್ಲಿಗೇ ಮುಗಿದಿತ್ತು. ಆದರೆ ಪ್ರೊಫೆಸರು ಯಂತ್ರ ನಿಲ್ಲಿಸುವುದನ್ನು ಮರೆತು ಗುಮಾಸ್ತನ ಜೊತೆ ಸಿಗರೇಟು ಸೇದಲು ಹೊರಗೆ ಹೋಗಿದ್ದರು. ಟೇಪು ಸುತ್ತುತ್ತಲೇ ಇತ್ತು. ಬಾಗಿಲು ಕಿರ್ರೆಂದಿತು. ಬೆಂಚು ಸರಿಯಿತು. ಚಮಚದ ಸದ್ದು. ಆಮೇಲೆ ಇನ್ನೊಬ್ಬ ಹೆಂಗಸು, ಚಿಕ್ಕ ಪ್ರಾಯದವಳು, ಪಿಸುಗುಟ್ಟಿದಳು.

“ಅಕ್ಕಾ, ಯಾಕೆ ಹಂಗಂದೆ? ಅವ್ವ ಅಲ್ಲೇ ಅಲ್ವ ಮಲಗಿರೋದು? ಎಲ್ಲಾ ಅಲ್ಲೇ ಅಲ್ವ?”

“ಶ್. ನೆಲ ಹಸುರಾಗಿರುವಾಗ ಆ ಮಾತು ತೆಗೀಬೇಡ. ಹಿಮ ಬಿದ್ದಾಗ ಬರ್ಲಿ ಅವನು. ಕೂರಿಸ್ಕೊಂಡು ಒಬ್ಬೊಬ್ಬರ ಹೆಸರೂ ಹೇಳ್ತೀನಿ.”

“ಬರ್ತಾನಾ?”

“ಬೇಕಿದ್ರೆ ಬರ್ತಾನೆ.”

ಬಾಗಿಲ ಸದ್ದು. ಬೂಟಿನ ಸದ್ದು. ಯಂತ್ರ ನಿಂತಿತು.

ಪ್ರೊಫೆಸರು ಬರಲಿಲ್ಲ. ಅವರು ಬರುತ್ತಿದ್ದುದು ಕಾಲೇಜಿಗೆ ಬೇಸಿಗೆ ರಜೆ ಇದ್ದಾಗ ಮಾತ್ರ.

ಮಾರ್ಸೆಲಿನ್ ಹೆಡ್‌ಫೋನ್ ಕಳಚಿ ಮೇಜಿನ ಮೇಲಿಟ್ಟಳು. ತಂಗಿಯ ದನಿ ಯಾರದೆಂದು ಕೇಳಬೇಕಿರಲಿಲ್ಲ. ಚಿಕ್ಕ ಕೋಕುಮ್ ಫಿಲೋಮಿನ್ ಊರಿನಲ್ಲಿ ಇನ್ನೂ ಬದುಕಿದ್ದಳು. ಹಲ್ಲು ಹೋಗಿತ್ತು, ಕಿವಿ ಚುರುಕಾಗಿತ್ತು. ಬಾಲ್ಯದಲ್ಲಿ ದಡಾರ ಬಡಿದ ಚಳಿಗಾಲ ಚಾಚಿನ ಬಿಡಾರದಲ್ಲಿ ಬದುಕುಳಿದವರು ಈ ಇಬ್ಬರು ಅಕ್ಕತಂಗಿಯರು ಮಾತ್ರ ಎಂಬುದು ಊರಿಗೆಲ್ಲ ಗೊತ್ತಿತ್ತು. ಹೇಗೆ, ಯಾರು, ಎಲ್ಲಿ ಎಂಬುದನ್ನು ಅವರು ಹಿಮ ಬಿದ್ದಾಗ ಮಾತ್ರ ಹೇಳುತ್ತಿದ್ದರು. ಕರಡಿ ಮಲಗಿ ಕಪ್ಪೆ ಮಣ್ಣಿಗಿಳಿದ ಮೇಲೆ. ಆ ಚಳಿಗಾಲದಲ್ಲಿ ಸತ್ತವರ ಹೆಸರು ಬೇಸಿಗೆಯ ಗಾಳಿಗೆ ಸಿಕ್ಕರೆ ಅವರು ಮಲಗಿದಲ್ಲಿಂದ ಎದ್ದು ದಾರಿ ತಪ್ಪುತ್ತಾರೆ ಎಂಬುದು ಆ ಮನೆಯ ನಂಬಿಕೆ. ಅದನ್ನು ಅವರು ಯಾರಿಗೂ ವಿವರಿಸುತ್ತಿರಲಿಲ್ಲ. ಬೇಸಿಗೆಯಲ್ಲಿ ಯಾರಾದರೂ ಕೇಳಿದರೆ ಏನೂ ಇಲ್ಲ ಎಂದುಬಿಡುತ್ತಿದ್ದರು. ಮಕ್ಕಳಿಗೂ ಅರ್ಥವಾಗುತ್ತಿತ್ತು. ಬಾಯಿ ಮುಚ್ಚಿಕೊಂಡು ಹಿಮಕ್ಕಾಗಿ ಕಾಯುತ್ತಿದ್ದವು.

ಆ ‘ಏನೂ ಇಲ್ಲ’ ಈಗ ಊರಿನ ಕುತ್ತಿಗೆಗೆ ಬಂದಿತ್ತು. ಅಣೆಕಟ್ಟು ಕಟ್ಟುವ ವಿದ್ಯುತ್ ಕಂಪನಿಗೆ ನೀರು ತಿರುಗಿಸಲು ಕಾಲುವೆ ಬೇಕಿತ್ತು. ಕಾಲುವೆಗೆ ಸೀಳುಬಂಡೆಯ ಚಾಚನ್ನು ಸಿಡಿಸಬೇಕಿತ್ತು. ಅಲ್ಲಿ ನಮ್ಮವರ ಸಮಾಧಿಗಳಿವೆ ಎಂದು ಊರು ತಕರಾರು ತೆಗೆದಿತ್ತು. ಸಮಾಧಿ ಇದ್ದರೆ ಕಾನೂನು ಅಡ್ಡ ಬರುತ್ತದೆ. ಹಾಗಾಗಿ ಕಂಪನಿಯ ವಕೀಲ ಪತ್ರಾಗಾರಕ್ಕೆ ಬಂದು ಟೈಪು ಮಾಡಿದ ಆ ಹಾಳೆಯನ್ನು ತೆಗೆಸಿಕೊಂಡಿದ್ದ. ಊರಿನ ಹೆಂಗಸೇ ಹೇಳಿದ್ದಾಳೆ, ಅಲ್ಲಿ ಏನೂ ಇಲ್ಲ. ಜುಲೈನಲ್ಲಿ ವಿಚಾರಣೆ.

*

ಬೆಳಿಗ್ಗೆ ಕಚೇರಿ ತೆರೆಯುವವರೆಗೂ ಅವಳು ಕಾದಳು. ಸಂಗ್ರಹದ ಮುಖ್ಯಸ್ಥ ಲೆನಾರ್ಡ್ ಕ್ರಾಸ್ಬಿ ಮೆದು ಮಾತಿನವನು. ಗದರಿದ್ದನ್ನು ಯಾರೂ ಕಂಡಿರಲಿಲ್ಲ. ಅವನ ಕೋಣೆಗೆ ಹೋಗುವ ಓದುಮನೆಯ ಬಾಗಿಲಿಗೆ ಹಿತ್ತಾಳೆಯ ಫಲಕವಿತ್ತು. ಅದರ ಮೇಲೆ ಆ ಕೋಣೆ ಕಟ್ಟಿಸಿಕೊಟ್ಟ ವಿದ್ಯುತ್ ಕಂಪನಿಯ ಹೆಸರಿತ್ತು. ಮಾರ್ಸೆಲಿನ್ ದಿನವೂ ಅದರ ಮುಂದೆ ಹಾದು ಹೋಗುತ್ತಿದ್ದಳು. ಆ ದಿನ ನಿಂತು ಓದಿದಳು.

ಅವಳು ಮಾತುಗಳನ್ನು ರಾತ್ರಿಯಿಡೀ ಆರಿಸಿ ಇಟ್ಟುಕೊಂಡಿದ್ದಳು. ಒಂದು ಮಾತು ಹೆಚ್ಚಾದರೆ ಸಿಟ್ಟಿನ ಇಂಡಿಯನ್ ಹೆಂಗಸು ಎಂದಾಗುತ್ತದೆ, ಒಂದು ಕಡಿಮೆಯಾದರೆ ಏನೂ ಹೇಳದವಳು ಎಂದಾಗುತ್ತದೆ. ಟೇಪಿನ ಕೊನೆಯಲ್ಲಿ ಇನ್ನೂ ಮಾತಿದೆ, ಅದನ್ನೂ ಅನುವಾದಿಸಿ ವಿಚಾರಣೆಗೆ ಕಳಿಸಬೇಕು, ಡಬ್ಬಿಯ ಮೇಲೆ ಮಾತಾಡಿದವಳ ಹೆಸರು ಬರೆಯಬೇಕು ಎಂದಳು.

ಕ್ರಾಸ್ಬಿ ಕನ್ನಡಕ ಒರೆಸಿಕೊಂಡ. “ಸಂದರ್ಶನ ಎಲ್ಲಿಗೆ ಮುಗಿಯುತ್ತೆ?”

“ಪ್ರೊಫೆಸರು ಹೊರಗೆ ಹೋಗೋ ತನಕ.”

“ಹಾಗಾದ್ರೆ ಆಮೇಲಿಂದು ಸಂದರ್ಶನ ಅಲ್ಲ. ಸದ್ದು.”

“ಅದು ಮಾತು, ಸರ್. ಅವರವ್ವ ಅಲ್ಲಿದ್ದಾಳೆ ಅಂತ ಹೇಳ್ತಿದ್ದಾರೆ.”

“ಯಾರಿಗೆ ಹೇಳ್ತಿದ್ದಾರೆ? ಸಂಶೋಧಕರಿಗಲ್ಲ. ತಮಗೆ ಗೊತ್ತಿಲ್ಲದೆ ಯಂತ್ರಕ್ಕೆ ಸಿಕ್ಕಿಬಿದ್ದಿದ್ದಾರೆ. ಅದನ್ನ ಹೊರಗೆ ಕೊಟ್ರೆ ಅವರ ಖಾಸಗಿತನಕ್ಕೆ ಧಕ್ಕೆ. ನಾವು ಅಂಥದ್ದು ಮಾಡಲ್ಲ.”

ಹೆಸರನ್ನೂ ಬರೆಯದವರು ಈಗ ಖಾಸಗಿತನ ಕಾಯುತ್ತಿದ್ದರು. ಆಕೆ ನನ್ನ ಅಜ್ಜಿ, ಮನೆಯವರಾಗಿ ನಾವೇ ಒಪ್ಪಿಗೆ ಕೊಡುತ್ತೇವೆ ಎಂದಳು. ಅದಕ್ಕೆ ಪುರಾವೆ ಏನು ಎಂದು ಅವನು ಕೇಳಿದ. ಚಮಚ ತಟ್ಟಿದ ರೀತಿ ಎಂದು ಅವಳು ಹೇಳಿದಳು. ಹೇಳಿದ ಕೂಡಲೇ ಆ ಕೋಣೆಯಲ್ಲಿ ಆ ಮಾತು ಎಷ್ಟು ಬಡಕಲಾಗಿ ಕೇಳಿತೆಂಬುದು ಅವಳಿಗೇ ಗೊತ್ತಾಯಿತು.

ಕ್ರಾಸ್ಬಿ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಟೇಪು ಪ್ರೊಫೆಸರರ ಮಕ್ಕಳು ದಾನ ಕೊಟ್ಟದ್ದು, ಮೂಲ ಟೇಪನ್ನು ಹೊರಗಿನವರಿಗೆ ಕೇಳಿಸಬಾರದೆಂದು ಅವರ ಷರತ್ತಿದೆ, ವಿಚಾರಣೆಗೆ ಬೇಕಾದ ಭಾಗದ ಶುದ್ಧ ಪ್ರತಿಯನ್ನು ಮಾಡಿಸಿ ತಾನೇ ಒಯ್ಯುತ್ತೇನೆ ಎಂದು ವಿವರಿಸಿದ. ಶುದ್ಧ ಪ್ರತಿ ಎಂದರೆ ಹಿಂದುಮುಂದಿನ ಗದ್ದಲ ಕತ್ತರಿಸಿದ್ದು. ಕೊನೆಗೆ ಅವಳು ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕರಾರನ್ನು ನೆನಪಿಸಿದ. ಇಲ್ಲಿ ಕೇಳಿದ್ದು ಇಲ್ಲೇ ಇರಬೇಕು.

“ನಮ್ಮ ಅಜ್ಜಿ ಮಾತಾಡಿದ್ದು ನಿಮ್ಮದು ಹೆಂಗಾಗುತ್ತೆ?”

“ಮಾತು ಅವರದೇ. ಟೇಪು ನಮ್ಮದು,” ಅಂದ. ಮರುಕದಿಂದಲೇ ಅಂದ.

*

ವಿಚಾರಣೆ ನಡೆದದ್ದು ಮೂಸ್ವಾ ಸರೋವರದ ದಂಡೆಯ ಅವಳ ಊರಿನ ಶಾಲೆಯ ಆಟದ ಹಾಲ್‌ನಲ್ಲಿ. ಹಿಮ ಬೀಳುವ ತನಕ ಮುಂದೂಡಿ ಎಂದು ಊರಿನವರು ಬರೆದುಕೊಂಡಿದ್ದರು. ಆಯೋಗದ ವೇಳಾಪಟ್ಟಿ ಹವಾಮಾನ ನೋಡಿಕೊಂಡು ನಡೆಯುವುದಿಲ್ಲ ಎಂದು ಉತ್ತರ ಬಂದಿತ್ತು. ಸೆಕೆ, ಸೊಳ್ಳೆ. ಜನ ಕಿಟಕಿಗಳ ಮೇಲೂ ಕೂತಿದ್ದರು. ಬಾಸ್ಕೆಟ್‌ಬಾಲ್ ಬಲೆಯ ಕೆಳಗೆ ಮೇಜು ಹಾಕಿಕೊಂಡು ಆಯೋಗದ ಅಧ್ಯಕ್ಷೆ, ಪಕ್ಕದಲ್ಲಿ ಕಂಪನಿಯ ವಕೀಲ, ಅವನ ಹಿಂದೆ ಕ್ರಾಸ್ಬಿ. ಮಾರ್ಸೆಲಿನ್ ರಜೆ ಹಾಕಿ ಬಂದು ಫಿಲೋಮಿನ್ ಪಕ್ಕ ಕೂತಿದ್ದಳು. ಫಿಲೋಮಿನ್‌ಳ ಮಗ ಜಕರೀ, ಮಾರ್ಸೆಲಿನ್‌ಗೆ ಮಾವನಾಗಬೇಕು, ದೋಣಿ ನಡೆಸುವವನು, ಬಾಗಿಲಿಗೆ ಒರಗಿದ್ದ.

ವಕೀಲ ಟೈಪಿನ ಹಾಳೆ ಓದಿದ. ಆಮೇಲೆ ಫಿಲೋಮಿನ್ ಕಡೆ ತಿರುಗಿ, ಚಾಚಿನಲ್ಲಿ ಯಾರನ್ನು ಹೂಳಲಾಗಿದೆ, ಯಾವಾಗ, ಎಷ್ಟು ಜನ ಎಂದು ಕೇಳಿದ.

ಮುದುಕಿ ಎದ್ದು ನಿಂತಳು. ಕಿಟಕಿಯಾಚೆ ಹಸುರು ಕಾಡಿನತ್ತ ನೋಡಿದಳು.

“ಹಿಮ ಬೀಳ್ಲಿ. ಹೇಳ್ತೀನಿ.”

“ಅಜ್ಜಿ, ಆಯೋಗ ಇವತ್ತು ಕೂತಿದೆ.”

“ಕೂತ್ಕಳ್ಳಿ. ನಾನೇನು ಏಳಿ ಅಂದ್ನಾ? ಹಿಮ ಬೀಳೋ ತನಕ ಕೂತ್ಕಳ್ಳಿ, ಊಟಕ್ಕೆ ನಾವು ಹಾಕ್ತೀವಿ.”

ಹಾಲ್ ತುಂಬ ನಗು ಹರಿಯಿತು. ಬಾಗಿಲಿನಿಂದ ಜಕರೀ, “ಮೀನೇ ಸಿಗೋದು ಸ್ವಾಮಿ, ಕಂಪನಿ ಬಿಟ್ಟಷ್ಟು,” ಎಂದು ಸೇರಿಸಿದ. ಅಧ್ಯಕ್ಷೆ ನಗಲಿಲ್ಲ. ಹಾಗೆ ಕಾಯುವುದು ನಮ್ಮ ಪದ್ಧತಿ ಎಂದು ಊರಿನ ಕಡೆಯ ಯುವ ವಕೀಲೆ ಎದ್ದು ವಿವರಿಸಿದಳು. ಅಧ್ಯಕ್ಷೆ ಪದ್ಧತಿಗೆ ಗೌರವವಿದೆ ಎಂದು ಹೇಳಿ, ಪಕ್ಕದ ಬೆರಳಚ್ಚುಗಾರ್ತಿಗೆ ಬರೆಸಿದಳು: ಸಾಕ್ಷಿ ಉತ್ತರ ಕೊಡಲಿಲ್ಲ.

ಆ ಸಾಲು ಯಂತ್ರದಲ್ಲಿ ಟಕಟಕ ಬೀಳುವುದನ್ನು ಮಾರ್ಸೆಲಿನ್ ಕೇಳಿದಳು. ಇನ್ನೊಂದು ಡಬ್ಬಿ, ಇನ್ನೊಂದು ಕಪಾಟು. ನಾಳೆ ಇನ್ಯಾರೋ ತೆಗೆದು ಓದುತ್ತಾರೆ: ಊರಿನ ಹೆಂಗಸಿಗೇ ಗೊತ್ತಿರಲಿಲ್ಲ.

ಅವಳು ಎದ್ದಳು. ಆರಿಸಿಟ್ಟ ಮಾತೊಂದೂ ಬಾಯಿಗೆ ಬರಲಿಲ್ಲ. ಟೇಪು ಅಲ್ಲಿಗೆ ಮುಗಿಯುವುದಿಲ್ಲ, ಮುಂದೆ ಇವರೇ ಮಾತಾಡಿದ್ದಾರೆ, ಈ ಚಿಕ್ಕ ಕೋಕುಮ್‌ಳ ದನಿಯೂ ಅದರಲ್ಲಿದೆ, ನಾನು ಕೇಳಿದ್ದೇನೆ ಎಂದು ಒಂದೇ ಉಸಿರಿಗೆ ಹೇಳಿದಳು. ಫಿಲೋಮಿನ್ ತಲೆಯೆತ್ತಿ ಅವಳ ಮುಖವನ್ನೇ ನೋಡಿದಳು.

ವಕೀಲ ಅವಳು ಯಾರೆಂದು ಕೇಳಿದ. ಕ್ರಾಸ್ಬಿ ಬಾಗಿ ಅವನ ಕಿವಿಯಲ್ಲಿ ಹೇಳಿದ. ಆಮೇಲೆ ಪ್ರಶ್ನೆಗಳು ತಾವಾಗಿ ಬಂದವು. ಕರಾರಿಗೆ ಸಹಿ ಹಾಕಿದ್ದೀರಾ? ಹಾಕಿದ್ದೇನೆ. ಈಗ ಅದನ್ನು ಮುರಿದಿರಾ? ಹೌದು. ಈ ಊರಿನವರೇ ಅಲ್ಲವೇ? ಹೌದು. ಆ ಹೆಂಗಸು ಸಂಬಂಧಿ ಎಂದು ಹೇಳುತ್ತೀರಿ? ನನ್ನ ಅಜ್ಜಿ. ಹಾಗಾದರೆ ನಿಮ್ಮ ಅನುವಾದವನ್ನು ಆಯೋಗ ಯಾಕೆ ನಂಬಬೇಕು?

ಕ್ರಾಸ್ಬಿ ತಂದಿದ್ದ ಶುದ್ಧ ಪ್ರತಿಯನ್ನು ಹಾಕಿದರು. ಕೋಕುಮ್‌ಳ ದನಿ ಹಾಲ್ ತುಂಬಿತು. ಮುದುಕರು ಟೋಪಿ ತೆಗೆದರು. ‘ಅಲ್ಲಿ ಏನೂ ಇಲ್ಲ’ ಎಂದಾಯಿತು. ಕೂಡಲೇ ಮೌನ. ಬಾಗಿಲ ಕಿರ್ರೂ ಇರಲಿಲ್ಲ, ಚಮಚವೂ ಇರಲಿಲ್ಲ. ಕೊಯ್ದ ಹಾಗೆ.

“ಸಂದರ್ಶನ ಪೂರ್ತಿ ಇದೆಯೇ?” ಅಧ್ಯಕ್ಷೆ ಕ್ರಾಸ್ಬಿಯನ್ನು ಕೇಳಿದಳು.

“ಸಂದರ್ಶನ ಪೂರ್ತಿ ಇದೆ,” ಅಂದ ಅವನು.

“ಅದರಾಚೆ?”

“ಅದರಾಚೆ ಏನೂ ಇಲ್ಲ. ಸದ್ದು.”

ಅದನ್ನೂ ಕೇಳೋಣ ಎಂದು ಊರಿನ ವಕೀಲೆ ಪಟ್ಟು ಹಿಡಿದಳು. ದಾನಿಗಳ ಷರತ್ತಿನ ಮೇಲೆ, ಸಂಸ್ಥೆಯ ಪ್ರಮಾಣದ ಮೇಲೆ ಅದು ಬಿದ್ದುಹೋಯಿತು. ಸಂಜೆಯ ವಿಮಾನಕ್ಕೆ ಆಯೋಗದವರಿಗೆ ಹೊತ್ತಾಗಿತ್ತು.

ಆ ರಾತ್ರಿ ಊರಿನಲ್ಲಿ ಯಾರ ಮನೆಯಲ್ಲೂ ದನಿಯೆತ್ತಿದ ಜಗಳವಿರಲಿಲ್ಲ. ಅದೇ ಭಯವಾಗುವಂತಿತ್ತು. ಜಕರೀ ಮೀನು ಕೊಯ್ಯುತ್ತಾ ಕೂತಿದ್ದವನು ಚಾಕು ಒರೆಸದೆ ಹೇಳಿದ: “ನಾವು ಬಾಯ್ಬಿಟ್ರೆ ಬರೀ ಕೇಳಿದ ಮಾತು, ಪುರಾವೆ ಅಲ್ಲ ಅಂತಾರೆ. ಬಿಡದಿದ್ರೆ ಮಾತೇ ಇಲ್ಲ ಅಂತಾರೆ. ಅವರು ಸಿಗರೇಟ್ ಸೇದೋಕೆ ಎದ್ದುಹೋದ್ರೆ ಮಾತ್ರ ನಮ್ಮ ನಿಜ ಹೊರಗೆ ಬರೋದು. ಆಮೇಲೆ ಅದನ್ನ ಕತ್ತರಿಸ್ತಾರೆ.”

ಫಿಲೋಮಿನ್ ಒಂದೇ ಕೇಳಿದಳು. “ಅಕ್ಕನ ದನಿ ಆ ಕಬ್ಬಿಣದ ಪೆಟ್ಟಿಗೇಲೇ ಇದೆಯಾ ಮಗಾ?”

“ಇದೆ ಕೋಕುಮ್.”

“ಚಳಿನಾ ಅಲ್ಲಿ?”

ಮಾರ್ಸೆಲಿನ್ ಮುದುಕಿಯ ಲೋಟಕ್ಕೆ ಬಿಸಿ ಚಹಾ ಬಗ್ಗಿಸಿದಳು.

*

ಕೆಲಸದಿಂದ ತೆಗೆದ ಆದೇಶವನ್ನು ಕ್ರಾಸ್ಬಿ ಕೈಗೇ ಕೊಟ್ಟ. ಆದರೆ ಅರ್ಧಕ್ಕೆ ನಿಂತಿದ್ದ ಪುಟಗಳನ್ನು ಮುಗಿಸಿಕೊಟ್ಟು ಹೋಗಬೇಕು ಎಂದ. ಬೇರೆ ಕ್ರೀ ಬಲ್ಲವರು ಸಿಕ್ಕಿರಲಿಲ್ಲ. ಕರಾರು ಮುರಿದವಳು ಎಂದು ಹೊರಗೆ ಹಾಕಲೂ ಅವಳು ಬೇಕು, ಹಾಕುವ ಮೊದಲು ಒಂದು ರಾತ್ರಿ ದುಡಿಯಲೂ ಅವಳೇ ಬೇಕು.

ಅವಳು ಆ ರಾತ್ರಿ ಪುಟಗಳನ್ನು ಮುಗಿಸಿದಳು. ಒಂದು ಅಕ್ಷರ ಕೆಡಿಸಲಿಲ್ಲ. ಅವು ಬೇರೆ ಕೋಕುಮ್‌ಗಳ ಮಾತುಗಳಾಗಿದ್ದವು. ಆಮೇಲೆ ಕಪಾಟು ತೆರೆದು ಆ ಡಬ್ಬಿಯಿಂದ ಟೇಪಿನ ಸುರುಳಿ ತೆಗೆದು, ಅದರ ಜಾಗದಲ್ಲಿ ಒಂದು ಖಾಲಿ ಸುರುಳಿ ಇಟ್ಟಳು. ಬಟ್ಟೆಯ ಚೀಲದ ತಳದಲ್ಲಿ ಟೇಪು. ಅದರ ಮೇಲೆ ಒರೆಸುವ ಬಟ್ಟೆ. ಅದರ ಮೇಲೆ ಊರಿನಿಂದ ತಂದಿದ್ದ ದಪ್ಪ ಬಾನಕ್ ರೊಟ್ಟಿ.

ಬಾಗಿಲ ಕಾವಲಿನವನು ಚೀಲ ತೆರೆಸಿದ. ಅವನು ಹುಡುಕುತ್ತಿದ್ದುದು ಕಾಗದ. ಬೆರಳಿನಿಂದ ರೊಟ್ಟಿಯನ್ನು ಒತ್ತಿ ನೋಡಿದ.

“ಮನೇಲಿ ಮಾಡಿದ್ದಾ?”

“ಹೌದು. ತಗೊಳ್ಳಿ,” ಎಂದು ಮುರಿದು ಕೊಟ್ಟಳು. ಚೀಲವನ್ನು ಬೇಗ ಮುಚ್ಚಿ, ಚಳಿ ಎಂದಳು. ಹೌದು, ಕೆಳಗೆ ವಿಪರೀತ ಚಳಿ ಎಂದು ಅವನೂ ಅಂದ. ಜೀವಮಾನದಲ್ಲಿ ಅವಳು ಯಾರ ಗುಂಡುಸೂಜಿಯನ್ನೂ ಮುಟ್ಟಿರಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ, ಇದು ಕದ್ದದ್ದೋ, ಕದ್ದದ್ದನ್ನು ವಾಪಸು ತಂದದ್ದೋ ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಆದರೂ ಊರು ತಲುಪುವವರೆಗೆ ಪ್ರತಿ ನಿಲ್ದಾಣದಲ್ಲೂ ಪೊಲೀಸಿನವರ ಟೋಪಿಗಾಗಿ ಕಣ್ಣು ಹುಡುಕುತ್ತಿತ್ತು.

ಆಯೋಗದ ತೀರ್ಪು ಶರತ್ಕಾಲದಲ್ಲಿ ಬಂತು. ಸಮಾಧಿಗಳಿಗೆ ಪುರಾವೆ ಇಲ್ಲ. ಸರೋವರ ಹೆಪ್ಪುಗಟ್ಟಿ ಭಾರದ ಗಾಡಿಗಳು ಓಡುವಂತಾದ ಮೇಲೆ ಕಂಪನಿ ಕೆಲಸ ಶುರು ಮಾಡಬಹುದು. ಮಾರ್ಸೆಲಿನ್ ಊರಿನ ವಕೀಲೆಯ ಹತ್ತಿರ, ಅಂಥ ಟೇಪು ಎಲ್ಲಿಂದಲಾದರೂ ಸಿಕ್ಕರೆ ಎಂದು ಬಳಸಿ ಕೇಳಿ ನೋಡಿದಳು. ಕದ್ದ ಮಾಲು ಸಾಕ್ಷಿಯಾಗುವುದಿಲ್ಲ, ತಂದವರು ಜೈಲಿಗೆ ಹೋಗುತ್ತಾರೆ, ನಾನು ಈ ಪ್ರಶ್ನೆ ಕೇಳಿಸಿಕೊಂಡಿಲ್ಲ ಎಂದು ಆಕೆ ಫೋನ್ ಇಟ್ಟಳು.

ಮೊದಲ ಹಿಮ ಒಂದು ಮಧ್ಯಾಹ್ನ ಸದ್ದಿಲ್ಲದೆ ಬಿತ್ತು. ಸಂಜೆಯ ಹೊತ್ತಿಗೆ ನೆಲ ಮುಚ್ಚಿತು. ಶಾಲೆಯ ಉಗ್ರಾಣದಿಂದ ಹಳೇ ಟೇಪ್ ಯಂತ್ರವೊಂದನ್ನು ಜಕರೀ ಹೊತ್ತು ತಂದು, ಯಾಕೆಂದು ಕೇಳದೆ ಇಟ್ಟು ಹೋದ. ಮಾರ್ಸೆಲಿನ್ ಬಾಗಿಲು ಹಾಕಿ, ಫಿಲೋಮಿನ್‌ಳ ಮುಂದೆ ಟೇಪಿನ ಕೊನೆಯ ಭಾಗವನ್ನು ಹಾಕಿದಳು.

ಟಣ್. ಟಣ್. ಟಣ್.

ಮುದುಕಿ ತನ್ನ ಲೋಟದೊಳಗಿನ ಚಮಚ ಎತ್ತಿದಳು. ಅಂಚಿಗೆ ಮೂರು ಸಲ ತಟ್ಟಿದಳು. ಎರಡು ಬೇಗ, ಒಂದು ತಡೆದು. ಆಮೇಲೆ ಟೇಪಿನೊಳಗಿನ ಚಿಕ್ಕ ಪ್ರಾಯದ ತನ್ನ ದನಿ ಕೇಳಿ ಸಣ್ಣಗೆ ನಕ್ಕಳು. “ನೋಡು, ಆವಾಗ್ಲೂ ನನಗೆ ಬಾಯಿ ತಡೀತಿರ್ಲಿಲ್ಲ. ಗದರಿಸ್ಕೊಂಡೆ.”

ಅವತ್ತು ರಾತ್ರಿ ಅವಳು ಊರನ್ನು ಕರೆದಳು. ಟೇಪನ್ನು ಯಾರಿಗೂ ಕೇಳಿಸಲಿಲ್ಲ. ಅದರ ಸುದ್ದಿಯನ್ನೂ ಎತ್ತಲಿಲ್ಲ. ತಾನೇ ಹೇಳಿದಳು. ಸೀಳುಬಂಡೆಯಿಂದ ಹಿಡಿದು ವಾಲಿದ ಸ್ಪ್ರೂಸ್ ಮರಗಳವರೆಗೆ ಯಾರು ಯಾರ ಪಕ್ಕ ಮಲಗಿದ್ದಾರೆ, ಯಾರ ಮೈಮೇಲೆ ಯಾರ ಕಂಬಳಿ ಇದೆ, ನೆಲ ಕಲ್ಲಾಗಿದ್ದರಿಂದ ಹನ್ನೆರಡು ವರ್ಷ ದಾಟಿದ್ದ ಅಕ್ಕ ಹೇಗೆ ಬರೀ ಕೈಯಲ್ಲಿ ಕಲ್ಲು ತಂದು ಅವ್ವನ ಮೇಲೆ ಒಟ್ಟಿದಳು, ಎಲ್ಲ. ಕೂತವರು ಹೆಸರುಗಳನ್ನು ಒಬ್ಬೊಬ್ಬರಾಗಿ ಹಿಂದಿರುಗಿಸಿ ಹೇಳಿದರು. ಯಾರೂ ಬರೆದುಕೊಳ್ಳಲಿಲ್ಲ. ಬೆಳಗಾಗುವ ಹೊತ್ತಿಗೆ ಆ ಹೆಸರುಗಳು ಊರಿನ ಎಲ್ಲರ ಬಾಯಲ್ಲಿದ್ದವು.

ಎದ್ದು ಹೋಗುವಾಗ ಫಿಲೋಮಿನ್ ಎಲ್ಲರ ಮುಂದೆ ಒಂದು ಮಾತು ಹೇಳಿದಳು. “ನನ್ನ ಮಿಷನ್ ಸ್ಮಶಾನಕ್ಕೆ ಒಯ್ಯಬೇಡಿ. ಚಾಚಿನಲ್ಲಿ ಅವ್ವನ ಪಕ್ಕ ಜಾಗ ಇದೆ.”

ಜಕರೀ ತಮಾಷೆ ಮಾಡಿದ. “ಕಂಪನಿಯವರನ್ನ ಕೇಳಿ ಸಾಯಬೇಕಾಗುತ್ತೆ ಕಣವ್ವ.”

“ಕೇಳು. ಏನೂ ಇಲ್ಲ ಅಂದ್ರಲ್ಲ. ಏನೂ ಇಲ್ಲದ ಕಡೆ ಜಾಗ ಇರುತ್ತೆ.”

*

ಫಿಲೋಮಿನ್ ತೀರಿಹೋದದ್ದು ನಡುಚಳಿಗಾಲದಲ್ಲಿ, ಸರೋವರ ಪೂರ್ತಿ ಗಟ್ಟಿಯಾದ ಮೇಲೆ. ಅಷ್ಟರಲ್ಲಿ ಕಂಪನಿಯ ಯಂತ್ರಗಳು ಮಂಜುಗಡ್ಡೆಯ ದಾರಿಯಲ್ಲಿ ಚಾಚಿನ ಬುಡದವರೆಗೂ ಬಂದು ನಿಂತಿದ್ದವು.

ಮೈ ತೊಳೆದು ಬಟ್ಟೆ ಉಡಿಸಿದವಳು ಮಾರ್ಸೆಲಿನ್. ಹಾಗೆ ಮಾಡುವಾಗ ಕೋಣೆಯಲ್ಲಿ ಬೇರೆ ಯಾರೂ ಇರಬಾರದೆಂದು ಮುದುಕಿ ಮೊದಲೇ ಹೇಳಿದ್ದಳು. ಇನ್ನೊಂದು ಮಾತನ್ನೂ ಹೇಳಿದ್ದಳು, ಕೊನೆಯ ದಿನಗಳಲ್ಲಿ, ಕೈ ಹಿಡಿದುಕೊಂಡು. ಅಕ್ಕನನ್ನ ನನ್ನ ಜೊತೆ ಕಳಿಸು ಮಗಾ. ಮಾರ್ಸೆಲಿನ್ ಅತ್ತಿದ್ದಳು. ಆ ಟೇಪೊಂದೇ ಪುರಾವೆ ಎಂದಿದ್ದಳು.

“ಯಾರಿಗೆ ಪುರಾವೆ?” ಎಂದಿದ್ದಳು ಫಿಲೋಮಿನ್. “ಅವರು ಕೇಳಿ ಆಯ್ತು, ಕತ್ತರಿಸಿ ಆಯ್ತು. ಅದು ನನ್ನ ಅಕ್ಕ. ಅವಳು ಅವ್ವನ ಹತ್ರ ಹೋಗ್ಲಿ.”

ಪೆಟ್ಟಿಗೆಯ ಮುಚ್ಚಳಕ್ಕೆ ಮೊಳೆ ಹೊಡೆಯುವ ಮೊದಲು ಮಾರ್ಸೆಲಿನ್ ಟೇಪಿನ ಸುರುಳಿಯನ್ನು ಮೊಲದ ತುಪ್ಪಳದಲ್ಲಿ ಸುತ್ತಿ ಮುದುಕಿಯ ಎರಡೂ ಕೈಗಳ ಕೆಳಗಿಟ್ಟಳು. ಅದರ ಮೇಲೆ ಕಂಬಳಿ ಎಳೆದಳು.

ನೆಲ ಕಬ್ಬಿಣವಾಗಿತ್ತು. ಗಂಡಸರು ಚಾಚಿನಲ್ಲಿ ಬೆಂಕಿ ಹಾಕಿ, ಹಗಲು ರಾತ್ರಿ ಸೌದೆ ಒಟ್ಟಿ, ಮಣ್ಣು ಮೆತ್ತಗಾದಷ್ಟೂ ತೋಡಿದರು. ಕಂಪನಿಯ ಮೇಸ್ತ್ರಿ ಬಂದು ಇದು ಕೆಲಸದ ಜಾಗ, ಹೊರಗಿನವರು ಬರುವಂತಿಲ್ಲ ಎಂದ. ಜಕರೀ ಗುದ್ದಲಿಗೆ ಒರಗಿ ನಿಂತು, ನಾವು ಒಳಗಿನವರು, ನೀನು ಬದಿಗೆ ನಿಂತರೆ ಹೊಗೆ ಕಣ್ಣಿಗೆ ಬರುವುದಿಲ್ಲ ಎಂದು ಉಪಚಾರ ಮಾಡಿದ. ಪೆಟ್ಟಿಗೆ ಜಾರುಬಂಡಿಯ ಮೇಲೆ ಬಂತು. ಹಿಂದೆ ಇಡೀ ಊರು. ಮಣ್ಣು ಮುಚ್ಚಿದ ಮೇಲೂ ಜನ ಹೋಗಲಿಲ್ಲ. ಸ್ಪ್ರೂಸ್ ಕಂಬ ಕಡಿದು ಹೊಸ ಗೋರಿಗೆ ಬೇಲಿ ಹಾಕಿದರು. ಆಮೇಲೆ ಫಿಲೋಮಿನ್ ಹೇಳಿಕೊಟ್ಟ ಹೆಸರುಗಳನ್ನು ಹೇಳುತ್ತಾ, ಹಿಮದಡಿಯ ಕಲ್ಲುಗುಪ್ಪೆಗಳನ್ನು ಕಾಲಿನಲ್ಲಿ ಹುಡುಕಿ, ಒಂದೊಂದಕ್ಕೂ ಬೇಲಿ ಹಾಕಿದರು. ಅಲ್ಲೇ ಡೇರೆ ಎಬ್ಬಿಸಿದರು. ಯಂತ್ರಗಳು ಎದುರಿಗೆ ನಿಂತವು. ಮುಂದೆ ಬರಲಿಲ್ಲ, ಹಿಂದೆಯೂ ಹೋಗಲಿಲ್ಲ. ಹಗಲಿಡೀ ಗುರುಗುಟ್ಟುತ್ತಿದ್ದವು.

ಚಳಿ ಇಳಿಯುವ ಮೊದಲು ಕ್ರಾಸ್ಬಿ ಬಂದ. ಕಂಪನಿಯ ಗಾಡಿಯಲ್ಲೇ ಬಂದ. ಜೊತೆಗೆ ಒಬ್ಬ ಪೊಲೀಸಿನವನಿದ್ದ. ಮಾರ್ಸೆಲಿನ್ ಬೇಲಿಯೊಳಗೆ ಹಿಮ ಗುಡಿಸುತ್ತಿದ್ದಳು. ಪೊರಕೆ ಕೆಳಗಿಡಲಿಲ್ಲ.

ಕಪಾಟುಗಳ ವಾರ್ಷಿಕ ತಪಾಸಣೆಯಲ್ಲಿ ಡಬ್ಬಿಯೊಂದರಲ್ಲಿ ಖಾಲಿ ಸುರುಳಿ ಸಿಕ್ಕಿತು, ಆ ಡಬ್ಬಿಯನ್ನು ಕೊನೆಗೆ ತೆಗೆದವಳು ನೀನು ಎಂದು ಪೊಲೀಸಿನವನು ಹೇಳಿದ. ಕ್ರಾಸ್ಬಿ ಅವನನ್ನು ತಡೆದು ತಾನೇ ಮುಂದೆ ಬಂದ. ಮೂಗು ಕೆಂಪಾಗಿತ್ತು. ಮೊದಲ ಸಲ ಅವನಿಗೂ ಚಳಿಯಾಗುತ್ತಿತ್ತು.

“ದೂರು ಕೊಡೋದು ನನಗೆ ಇಷ್ಟ ಇಲ್ಲ, ಮಾರ್ಸೆಲಿನ್. ಟೇಪು ವಾಪಸ್ ಕೊಡಿ. ಡಬ್ಬಿ ಮೇಲೆ ನಿಮ್ಮ ಅಜ್ಜಿ ಹೆಸರು ಬರೆಸ್ತೀನಿ. ನೀವು ಕೇಳಿದ್ದು ಅದೇ ಅಲ್ವಾ?”

ಹೌದು, ಅವಳು ಅದನ್ನೂ ಕೇಳಿದ್ದಳು. ಆ ಒಂದು ಮಾತಿಗಾಗಿ ಒಮ್ಮೆ ರಾತ್ರಿಯಿಡೀ ಮಾತು ಆರಿಸಿದ್ದಳು. ಈಗ ಆರಿಸಬೇಕಾಗಲಿಲ್ಲ.

“ಅದರಲ್ಲಿ ಏನೂ ಇಲ್ಲ ಅಂತ ನೀವೇ ಹೇಳಿದ್ರಿ. ಪ್ರಮಾಣ ಮಾಡಿ ಹೇಳಿದ್ರಿ. ಏನೂ ಇಲ್ಲದ್ದನ್ನ ಹುಡುಕ್ಕೊಂಡು ಇಷ್ಟು ದೂರ ಬಂದ್ರಾ?”

ಕ್ರಾಸ್ಬಿ ಕನ್ನಡಕ ತೆಗೆದು ಒರೆಸತೊಡಗಿದ. ಪೊಲೀಸಿನವನು ಡೇರೆಗಳನ್ನೆಲ್ಲ ಶೋ​ಧಿಸಬೇಕು ಎಂದ. ಜನ ಒಬ್ಬೊಬ್ಬರಾಗಿ ಹೊರಗೆ ಬಂದು ನಿಂತರು. ಜಕರೀ ಗುದ್ದಲಿ ಎತ್ತಿ ಅವನ ಕಡೆ ಚಾಚಿದ. ಟೇಪು ಪೆಟ್ಟಿಗೆಯೊಳಗಿದೆ ಎಂಬುದು ಜಕರೀಗೆ ಗೊತ್ತಿರಲಿಲ್ಲ. ಕೆಣಕಲೆಂದೇ ಅಂದ.

“ಡೇರೆ ಯಾಕೆ, ನೆಲಾನೂ ಅಗೆದು ನೋಡಿ ಸ್ವಾಮಿ. ಇಲ್ಲಿಂದಲೇ ಶುರು ಮಾಡಿ. ಆದ್ರೆ ಗೋರಿ ಅಗೆಯೋಕೆ ಜಡ್ಜ್ ಹತ್ರ ಆರ್ಡರ್ ಬೇಕಂತೆ. ಅದರಲ್ಲಿ ಬರೀಬೇಕಂತೆ, ಸೀಳುಬಂಡೆ ಚಾಚಿನಲ್ಲಿ ಗೋರಿ ಇದೆ ಅಂತ. ಬರೆಸ್ಕೊಂಡು ಬನ್ನಿ. ಗುದ್ದಲಿ ಇಲ್ಲೇ ಇರುತ್ತೆ.”

ಪೊಲೀಸಿನವನು ಬೇಲಿಗಳ ಸಾಲನ್ನು ನೋಡಿದ. ಕ್ರಾಸ್ಬಿಯನ್ನು ನೋಡಿದ. ಕ್ರಾಸ್ಬಿ ಎದುರಿಗೆ ಗುರುಗುಟ್ಟುತ್ತಿದ್ದ ಯಂತ್ರವನ್ನು ನೋಡಿದ.

ಮಾರ್ಸೆಲಿನ್ ಕೈಯಲ್ಲಿನ ಪೊರಕೆ ನಿಂತುಹೋಯಿತು. ಟೇಪು ಇಲ್ಲೇ ಇದೆ, ನನ್ನ ಕಾಲ ಕೆಳಗೆ ಎಂದು ಒಂದು ಮಾತು ಅಂದರೆ ಸಾಕಿತ್ತು. ಅವರು ಆರ್ಡರು ತರುತ್ತಿದ್ದರು. ಆ ಆರ್ಡರಿನಲ್ಲಿ ಗೋರಿ ಎಂಬ ಶಬ್ದ ಇರುತ್ತಿತ್ತು. ಊರು ಇಷ್ಟು ದಿನ ಕೇಳಿದ ಆ ಒಂದು ಶಬ್ದವನ್ನು ಅವರ ಕೈಯಿಂದಲೇ ಬರೆಸಬಹುದಿತ್ತು. ನಾಲಗೆಯ ತುದಿಗೆ ಬಂತು.

ಆದರೆ ಆಮೇಲೆ ಅವರು ಅಗೆಯುತ್ತಿದ್ದರು. ಮುಚ್ಚಳದ ಮೊಳೆ ಕೀಳುತ್ತಿದ್ದರು. ಮುದುಕಿಯ ಕೈಗಳನ್ನು ಸರಿಸುತ್ತಿದ್ದರು. ಅಕ್ಕನನ್ನು ಮತ್ತೆ ಆ ಚಳಿಯ ಕಪಾಟಿಗೆ ಒಯ್ದು, ಮತ್ತೆ ಸಂಖ್ಯೆ ಹಚ್ಚಿ ಇಡುತ್ತಿದ್ದರು. ಹೆಸರು ಬರೆಸಿದರೂ ಅಲ್ಲೇ ಇಡುತ್ತಿದ್ದರು.

ಅವಳು ಮತ್ತೆ ಹಿಮ ಗುಡಿಸತೊಡಗಿದಳು. ಇವರಿಗಿರಲಿ, ಜಡ್ಜಿಗಿರಲಿ, ಗುದ್ದಲಿ ಹಿಡಿದು ನಿಂತ ಜಕರೀ ಮಾವನಿಗೂ, ಮುಂದೆ ಹಿಮ ಬಿದ್ದಾಗ ಕಥೆ ಕೇಳಲು ಕೂರುವ ಮಕ್ಕಳಿಗೂ ಇದೊಂದನ್ನು ಹೇಳುವುದಿಲ್ಲ ಎಂದು ನಿಶ್ಚಯಿಸಿಕೊಂಡಳು.